ಸಿಪ್ಕಾಟ್‌ಗೆ ಮೊದಲಿನ ನಮ್ಮ ಹೊಸೂರು

ಹೊಸೂರು ಅಂದರೆ ಈಗಿನ ಮಕ್ಕಳಿಗೆ ಕಾರ್ಖಾನೆಗಳ ಊರು. ಲಾರಿ, ಬೈಕು, ಕೈಗಡಿಯಾರ ತಯಾರಾಗುವ ಊರು. ಬೆಂಗಳೂರಿನಿಂದ 40 ಕಿಲೋಮೀಟರ್, ಅತ್ತಿಬೆಲೆ ದಾಟಿದರೆ ಬಂದೇಬಿಟ್ಟಿತು. "ಸಿಪ್ಕಾಟ್ ಬರುವ ಮೊದಲು ಇಲ್ಲಿ ಏನಿತ್ತು?" ಎಂದು ತರಗತಿಯಲ್ಲಿ ಕೇಳಿದರೆ, "ಏನೂ ಇರಲಿಲ್ಲ ಸಾರ್, ಬರೀ ಬಯಲು" ಎನ್ನುತ್ತಾರೆ. 1970ರ ದಶಕದಲ್ಲಿ ಇಲ್ಲೇ ಆಡಿ ಬೆಳೆದ ನಮಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಚರಿತ್ರೆ. ಟಿಪ್ಪು ಸುಲ್ತಾನ್ ಮಡಿದ 1799ರವರೆಗೆ ಈ ಸೀಮೆ ಮೈಸೂರಿನವರ ಕೈಯಲ್ಲಿತ್ತು. ಆಮೇಲೆ ಇಂಗ್ಲಿಷರಿಗೆ ಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. ಘಟ್ಟದ ಮೇಲಿನ ಸೀಮೆಯಾದ್ದರಿಂದ ಆಗಿನ ಕಂದಾಯದ ದಾಖಲೆಗಳಲ್ಲಿ ಇದನ್ನು ಬಾಲಾಘಾಟ್ ಎಂದು ಕರೆದರು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೂ ಮದರಾಸು ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ, 2019ರಲ್ಲಿ ಮಹಾನಗರಪಾಲಿಕೆ... ಹೀಗೆ ಊರಿನ ವಿಳಾಸ ಬದಲಾಗುತ್ತಲೇ ಬಂದಿದೆ. ಹೆಸರು ಮಾತ್ರ ಹಾಗೇ ಇದೆ. ಹೊಸ ಊರು, ಹೊಸೂರು. ತಮಿಳಿನಲ್ಲಿ ಬರೆಯುವಾಗ 'ಹ'ಕಾರ ಬಿದ್ದುಹೋಗಿ 'ಓಸೂರ್' ಆಗುತ್ತದೆ, ಅಷ್ಟೆ!

ನಮ್ಮ ಬಾಲ್ಯದಲ್ಲಿ ಊರನ್ನು ಪೂರ್ತಿ ನೋಡಬೇಕೆಂದರೆ ಚಂದ್ರಚೂಡೇಶ್ವರನ ಬೆಟ್ಟ ಹತ್ತುತ್ತಿದ್ದೆವು. ಮಾಸಿ ತಿಂಗಳ ತೇರಿಗಂತೂ ಸುತ್ತಲ ಹಳ್ಳಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಮೇಲಿನಿಂದ ನೋಡಿದರೆ ಕೆಂಪು ಮಣ್ಣು, ನಡುನಡುವೆ ಹುಣಸೆ, ಹೊಂಗೆ ಮರಗಳು, ರಾಮನಾಯಕನ ಕೆರೆಯ ನೀರು, ಅದರಾಚೆ ಕಣ್ಣು ಹಾಯುವವರೆಗೂ ರಾಗಿ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಊರು. ಬೇಸಿಗೆಯಲ್ಲೂ ಸಂಜೆಯಾದರೆ ತಣ್ಣನೆ ಗಾಳಿ ಬೀಸುತ್ತಿತ್ತು. ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ ಶುರುವಾದ ದೊಡ್ಡ ಜಾನುವಾರು ಫಾರಂ ಇದೆ. ಮೊದಲು ಇಂಗ್ಲಿಷರ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ಮೊರಪ್ಪೂರಿನಿಂದ ಧರ್ಮಪುರಿ ಮೇಲೆ ಹೊಸೂರಿನವರೆಗೆ ಪುಟ್ಟ ರೈಲೊಂದು ಓಡುತ್ತಿತ್ತೆಂದೂ, ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದು ನಿಂತುಹೋಯಿತೆಂದೂ ತಾತಂದಿರು ಹೇಳುತ್ತಿದ್ದರು.

ಬಯಲು ಎಂದು ಮಕ್ಕಳು ಹೇಳುವ ಆ ಜಾಗ ಬರಿದಾಗಿರಲಿಲ್ಲ. ಪ್ರತಿ ಹೊಲಕ್ಕೂ ಒಂದು ಹೆಸರಿತ್ತು. ಹುಣಸೆಮರದ ಹೊಲ, ಕಲ್ಲುಬಾವಿ ತೋಟ, ಕಟ್ಟೆ ಹಿಂದಿನ ಹೊಲ, ಗುಂಡುತೋಪು. "ದನ ಎಲ್ಲಿ ಹೋದವೋ?" ಎಂದು ಅಜ್ಜಿ ಕೂಗಿದರೆ ಈ ಹೆಸರುಗಳಲ್ಲೇ ಉತ್ತರ ಕೊಡಬೇಕಿತ್ತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲಕ್ಕೆ ಹಳದಿ ಅಂಚು ಹೊಲಿದ ಹಾಗೆ ಕಾಣುತ್ತಿತ್ತು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದರೆ ಬೀದಿಯ ಎಲ್ಲ ಮನೆಯಲ್ಲೂ ಹಿತಕಿದ ಬೇಳೆ ಸಾರು. ಕೊಯ್ಲಾದ ಮೇಲೆ ಕಣಕ್ಕೆ ಸಗಣಿ ಸಾರಿಸಿ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸುವರು. ರಾತ್ರಿ ಕಣ ಕಾಯುವ ದೊಡ್ಡವರ ಜೊತೆ ನಾವೂ ಹುಲ್ಲಿನ ಮೇಲೆ ಮಲಗಿ ಕಥೆ ಕೇಳುತ್ತಿದ್ದೆವು. ಕಥೆ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ!

ಹೌದು, ನಮ್ಮ ಬೀದಿಯಲ್ಲಿ ಭಾಷೆಗೆ ಗೋಡೆಯಿರಲಿಲ್ಲ. ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು. ಹೊಸದಾಗಿ ತಮಿಳು ಗೆಳೆಯರು ಬಂದಾಗ ಒಂದು ತಮಾಷೆ ಆಗುತ್ತಿತ್ತು. ನಮಗೆ 'ಏರಿ' ಅಂದರೆ ಕೆರೆಯ ಕಟ್ಟೆ. ಅವರಿಗೆ 'ಏರಿ' ಅಂದರೆ ಕೆರೆಯೇ. "ಏರಿಯಲ್ಲಿ ಆಡೋಣ" ಎಂದರೆ ನಾವು ಕಟ್ಟೆ ಮೇಲೆ ನಿಲ್ಲುತ್ತಿದ್ದೆವು, ಅವರು ನೀರಿಗೆ ಇಳಿಯುತ್ತಿದ್ದರು.

ತಮಿಳುನಾಡು ಸರ್ಕಾರ ಸಿಪ್ಕಾಟ್ ಸಂಸ್ಥೆಯನ್ನು ಸ್ಥಾಪಿಸಿದ್ದು 1971ರಲ್ಲಿ. ಕೈಗಾರಿಕೆಗೆ ಹೊಸೂರನ್ನು ಆರಿಸಿದ್ದಕ್ಕೆ ಕಾರಣಗಳಿದ್ದವು. ಧರ್ಮಪುರಿ ಹಿಂದುಳಿದ ಜಿಲ್ಲೆ, ಹಾಗಾಗಿ ಕಾರ್ಖಾನೆ ಕಟ್ಟುವವರಿಗೆ ಸಹಾಯಧನ, ರಿಯಾಯಿತಿ ಸಿಗುತ್ತಿತ್ತು. ಹೆದ್ದಾರಿ ಪಕ್ಕದಲ್ಲೇ ಇತ್ತು. ತಮಿಳುನಾಡಿನ ಸವಲತ್ತು, ಬೆಂಗಳೂರಿನ ಪೇಟೆ, ತಂಪು ಹವೆ ಮೂರೂ ಒಂದೇ ಕಡೆ! ಮೂಕಂಡಪಳ್ಳಿ, ಜೂಜುವಾಡಿ ಕಡೆಯ ಹೊಲಗಳಲ್ಲಿ ಶೆಡ್‌ಗಳು ಎದ್ದವು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂತು. ಅದೇ ವರ್ಷ ಟಿವಿಎಸ್ 50 ಮೊಪೆಡ್ ಹೊಸೂರಿನಿಂದ ಹೊರಬಿತ್ತು. ದಶಕದ ಕೊನೆಯೊಳಗೆ ಟೈಟನ್ ಗಡಿಯಾರವೂ ಇಲ್ಲೇ ತಯಾರಾಗತೊಡಗಿತು.

ಇದರಿಂದ ಒಳ್ಳೆಯದಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಮಳೆ ಕೈಕೊಟ್ಟರೆ ಗುಳೆ ಹೋಗುತ್ತಿದ್ದ ಮನೆಗಳಿಗೆ ತಿಂಗಳ ಸಂಬಳ ಬಂತು. ಹೆಣ್ಣುಮಕ್ಕಳು ಸಮವಸ್ತ್ರ ತೊಟ್ಟು ಕಂಪನಿ ಬಸ್ ಹತ್ತಿದರು. ಆಸ್ಪತ್ರೆ, ಕಾಲೇಜು ಬಂದವು. 2011ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು.

ಹೋದದ್ದೂ ಇದೆ. ದಕ್ಷಿಣ ಪಿನಾಕಿನಿಯ ನೀರು ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಬಿಳಿ ನೊರೆ ಉಕ್ಕಿಸಿದ ಸುದ್ದಿಯನ್ನು ಇತ್ತೀಚಿನ ವರ್ಷಗಳಲ್ಲಿ ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದಾರೆ. ನದಿಯ ನೊರೆ ಕಣ್ಣಿಗೆ ಕಾಣುತ್ತದೆ, ಸುದ್ದಿಯಾಗುತ್ತದೆ. ಹೆಸರುಗಳು ಹೋದದ್ದು ಯಾರಿಗೂ ಕಾಣಲಿಲ್ಲ. ಹುಣಸೆಮರದ ಹೊಲ ಈಗ ಒಂದು ಫೇಸು, ಒಂದು ಪ್ಲಾಟ್ ನಂಬರು. ಹೊಲ ಮಾರಿದವರಿಗೆ ಹಣ ಬಂತು. ಹೆಸರಿಗೆ ಯಾರು ಬೆಲೆ ಕಟ್ಟುತ್ತಾರೆ? ಸರ್ಕಾರಿ ಪತ್ರಗಳಲ್ಲಿ ಸರ್ವೆ ನಂಬರ್ ಇರುತ್ತದೆ, ಅಜ್ಜಿ ಕರೆಯುತ್ತಿದ್ದ ಹೆಸರು ಇರುವುದಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು. ಆಡುವ ಬಾಯಿ ನಿಂತರೆ ಅದೂ ನಿಂತಂತೆಯೇ.

ಇಲ್ಲೇ ನಮ್ಮ ಶಾಲೆಗಳ ಮಾತು ಬರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ 1ನೇ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಬಂತು. ನಮ್ಮ ಮಕ್ಕಳು ತಮಿಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಬಾಳುವ ನಾಡಿನ ಭಾಷೆ ಬೇಕೇ ಬೇಕು. ಆದರೆ ಪಾಠಪುಸ್ತಕದ ಕನ್ನಡಕ್ಕೂ ಕಾಲಡಿಯ ನೆಲಕ್ಕೂ ನಂಟು ಕಡಿದರೆ, ಮಗುವಿಗೆ ಕನ್ನಡ ಎಲ್ಲಿಂದಲೋ ಬಂದ ಭಾಷೆಯಾಗುತ್ತದೆ, ತಾನೂ ಎಲ್ಲಿಂದಲೋ ಬಂದವನಾಗುತ್ತಾನೆ. "ಏನೂ ಇರಲಿಲ್ಲ ಸಾರ್" ಎಂಬ ಉತ್ತರ ನಮ್ಮನ್ನು ಚುಚ್ಚುವುದು ಇದಕ್ಕೇ.

ತಂದೆ ತಾಯಂದಿರಲ್ಲಿ, ಸಹೋದ್ಯೋಗಿ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸಿ. ನಿಮ್ಮ ಹೊಲದ ಹೆಸರೇನು, ಬಾವಿಯ ಹೆಸರೇನು, ತೋಪು ಎಲ್ಲಿತ್ತು, ಕಣ ಎಲ್ಲಿತ್ತು, ಈಗ ಅಲ್ಲಿ ಯಾವ ಕಾರ್ಖಾನೆ ಅಥವಾ ಲೇಔಟ್ ಇದೆ ಎಂದು ಕೇಳಿ ಬರೆಸಿ. ತೆಲುಗು ಹೆಸರಿದ್ದರೆ ಅದನ್ನೂ ಬರೆಯಲಿ, ಅದೂ ನಮ್ಮದೇ. ಒಂದು ಮಗು ಹತ್ತು ಹೆಸರು ತಂದರೆ, 30 ಮಕ್ಕಳ ತರಗತಿಯಲ್ಲಿ 300 ಹೆಸರಾದವು. ಒಂದು ನೋಟ್ ಪುಸ್ತಕ ಸಾಕು, ಖರ್ಚೇನೂ ಇಲ್ಲ. ಆದರೆ ಹೇಳುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ತಡಮಾಡುವಂತಿಲ್ಲ.