ಪಿಯುಸಿ, ಸಿಇಟಿ, ನೀಟ್ ರಿಸಲ್ಟ್ ದಿನಗಳು: ಮನೆಯಲ್ಲಿ ಅಪ್ಪ-ಅಮ್ಮ ಏನು ಮಾಡಬೇಕು, ಏನು ಬೇಡ?

ಏಪ್ರಿಲ್ ಬಂತೆಂದರೆ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಎಲ್ಲಿ ಹೋದರೂ ಒಂದೇ ಮಾತು: ‘ರಿಸಲ್ಟ್ ಬಂತಾ? ಎಷ್ಟು ಬಂತು?’ ತರಕಾರಿ ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ಮೆಟ್ರೋದಲ್ಲಿ, ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲೂ ಇದೇ ಪ್ರಶ್ನೆ. ಕೇಳುವವರಿಗೆ ಅದು ಕುಶಲೋಪರಿ. ಒಳಗೆ ರೂಮಿನ ಬಾಗಿಲು ಹಾಕಿಕೊಂಡು ಕೂತ ಹದಿನೇಳರ ಹುಡುಗ ಅಥವಾ ಹುಡುಗಿಗೆ ಅದು ಬೇರೆಯೇ.

ಪರೀಕ್ಷೆ ಬರೆಯುವುದು ಮಕ್ಕಳು. ಆದರೆ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಪರೀಕ್ಷೆ ನಡೆಯುವುದು ಇಡೀ ಮನೆಗೆ. ಆ ಆರು ತಿಂಗಳು ಪೋಷಕರಿಗೆ ಗೊತ್ತಿರಬೇಕಾದ ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಟ್ಟಿದ್ದೇವೆ. ಕತ್ತರಿಸಿ ಇಟ್ಟುಕೊಳ್ಳಿ, ಇಲ್ಲವೇ ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ.

ಒತ್ತಡ ಹೆಚ್ಚಾಗುವುದು ಯಾವಾಗ?

ತುಂಬಾ ಜನ ಅಂದುಕೊಳ್ಳುವುದು ಪರೀಕ್ಷೆಯ ಹಿಂದಿನ ದಿನ ಎಂದು. ಕ್ಯಾಲೆಂಡರ್ ನೋಡಿದರೆ ಬೇರೆಯೇ ಕಾಣುತ್ತೆ. 2024ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಬಂದಿದ್ದು ಏಪ್ರಿಲ್ 10ಕ್ಕೆ, ಸಿಇಟಿ ನಡೆದಿದ್ದು 18 ಮತ್ತು 19ಕ್ಕೆ. 2025ರಲ್ಲಿ ಫಲಿತಾಂಶ ಏಪ್ರಿಲ್ 8, ಸಿಇಟಿ 16 ಮತ್ತು 17. ಅಂದರೆ ಪಿಯುಸಿ ಅಂಕ ನೋಡಿ ಕುಸಿದ ಮಗು ಎಂಟೇ ದಿನದಲ್ಲಿ ಸಿಇಟಿ ಹಾಲ್‌ನಲ್ಲಿ ಕೂರಬೇಕು. ಅದಾಗಿ ಮೇ ಮೊದಲ ವಾರ ನೀಟ್, ಮೇನಲ್ಲೇ ಕಾಮೆಡ್-ಕೆ, ಆಮೇಲೆ ಸಿಇಟಿ ರ‍್ಯಾಂಕ್, ಜೂನ್‌ನಲ್ಲಿ ನೀಟ್ ಫಲಿತಾಂಶ, ಕೊನೆಗೆ ತಿಂಗಳುಗಟ್ಟಲೆ ಕೌನ್ಸೆಲಿಂಗ್. ಜೆಇಇ ಬರೆಯುವವರಿಗೆ ಜನವರಿಯಿಂದಲೇ ಶುರು.

ಹಾಗಾಗಿ ಪಿಯುಸಿ ರಿಸಲ್ಟ್ ಮತ್ತು ಸಿಇಟಿ ನಡುವಿನ ಆ ಒಂದು ವಾರ ಮನೆಯಲ್ಲಿ ಅಂಕದ ಪೋಸ್ಟ್‌ಮಾರ್ಟಂ ಬೇಡ. ‘ಫಿಸಿಕ್ಸ್‌ನಲ್ಲಿ ಯಾಕೆ ಕಮ್ಮಿ ಬಂತು?’ ಅನ್ನುವ ವಿಚಾರಣೆ ಸಿಇಟಿ ಮುಗಿದ ಮೇಲೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಅರ್ಧ ಸಿಟ್ಟು ತಾನೇ ಇಳಿದಿರುತ್ತೆ.

ಕಮ್ಮಿ ಬಂತು, ಫೇಲ್ ಆಯ್ತು. ಮುಂದೇನು?

ಮೊದಲು ಗೊತ್ತಿರಬೇಕಾದ್ದು: ಈಗ ಪಿಯುಸಿ ಒಂದೇ ಏಟಿನ ಪರೀಕ್ಷೆ ಅಲ್ಲ. 2024ರಿಂದ ‘ಸಪ್ಲಿಮೆಂಟರಿ’ ಅನ್ನುವ ಹೆಸರೇ ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಪದ್ಧತಿ ಬಂತು. ಫೇಲಾದವರು ಮಾತ್ರವಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಆ ಅಂಕ ಉಳಿಯುತ್ತೆ. 2024ರಲ್ಲೂ 2025ರಲ್ಲೂ ಪರೀಕ್ಷೆ-2ರ ಫಲಿತಾಂಶ ಸಿಇಟಿ ರ‍್ಯಾಂಕ್‌ಗಿಂತ ಮೊದಲೇ ಬಂದಿತ್ತು. ಹಾಗಾಗಿ ‘ಫೇಲಾಗಿದ್ದೀನಿ, ಸಿಇಟಿ ಯಾಕೆ ಬರೀಲಿ?’ ಎಂದು ಮಗು ಕೂತರೆ ಕೂರಲು ಬಿಡಬೇಡಿ. ಹಾಲ್ ಟಿಕೆಟ್ ಕೈಯಲ್ಲಿದ್ದರೆ ಬರೆದು ಬರಲಿ. ಆ ವರ್ಷ ಎಷ್ಟು ಪರೀಕ್ಷೆ, ಯಾವ ದಿನ ಎಂಬುದನ್ನು ಮಲ್ಲೇಶ್ವರದ ಪರೀಕ್ಷಾ ಮಂಡಳಿಯ ವೆಬ್‌ಸೈಟ್ ಅಥವಾ ಕಾಲೇಜಿನ ನೋಟಿಸ್ ಬೋರ್ಡ್‌ನಲ್ಲೇ ನೋಡಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ಅಂಕದ ಮೇಲೆ ಅನುಮಾನ ಇದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. 2024ರಲ್ಲಿ ಇದಕ್ಕೆ ಒಂದು ವಿಷಯಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಇತ್ತು. ಸ್ಕ್ಯಾನ್ ಪ್ರತಿಯನ್ನು ಆ ವಿಷಯದ ಲೆಕ್ಚರರ್‌ಗೆ ತೋರಿಸಿ, ಅವರು ಹೌದು ಅಂದರೆ ಮಾತ್ರ ಮುಂದಿನ ದುಡ್ಡು ಕಟ್ಟಿ.

ಒಬ್ಬರೇ ಫೇಲಾಗಿಲ್ಲ ಅನ್ನುವುದನ್ನೂ ಮಗುವಿಗೆ ಹೇಳಿ. 2024ರಲ್ಲಿ ಪರೀಕ್ಷೆ-1ರ ಒಟ್ಟು ಫಲಿತಾಂಶ ಶೇ 81.15 ಇದ್ದದ್ದು 2025ಕ್ಕೆ ಶೇ 73.45ಕ್ಕೆ ಇಳಿಯಿತು. ಬರೆದ ನಾಲ್ವರಲ್ಲಿ ಒಬ್ಬರಿಗೂ ಹೆಚ್ಚು ಮಂದಿ ಆ ಸಲ ಪಾಸಾಗಲಿಲ್ಲ.

ರ‍್ಯಾಂಕ್ ಲೆಕ್ಕ ಅರ್ಥವಾದರೆ ಅರ್ಧ ಗಾಬರಿ ಹೋಗುತ್ತೆ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ. ಒಂದು ಉದಾಹರಣೆ: ಪಿಯುಸಿಯಲ್ಲಿ 300ಕ್ಕೆ 240, ಅಂದರೆ ಶೇ 80. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಎರಡರ ಸರಾಸರಿ 65. ಒಂದು ಕಡೆ ಇಳಿದರೂ ಇನ್ನೊಂದು ಕಡೆ ಎತ್ತಿಕೊಳ್ಳಲು ಅವಕಾಶ ಇದೆ ಎಂದಾಯಿತು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬಾರದು.

ನೀಟ್ ಹಾಗಲ್ಲ. ಅಲ್ಲಿ 180 ಪ್ರಶ್ನೆ, 720 ಅಂಕ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಪಿಯುಸಿ ಅಂಕ ರ‍್ಯಾಂಕ್‌ಗೆ ಸೇರಲ್ಲ.

ಪೋಷಕರು ಮಾಡುವ ದೊಡ್ಡ ತಪ್ಪು ಹೋದ ವರ್ಷದ ಅಂಕದ ಜೊತೆ ಹೋಲಿಸುವುದು. 2024ರ ಜೂನ್ 4ರಂದು ಬಂದ ನೀಟ್ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಇತ್ತು. ಕೃಪಾಂಕದ ಗಲಾಟೆ, 1,563 ಮಂದಿಗೆ ಮರುಪರೀಕ್ಷೆಯ ಅವಕಾಶ, ಸುಪ್ರೀಂ ಕೋರ್ಟ್ ವಿಚಾರಣೆ ಎಲ್ಲ ಮುಗಿದು ಪರಿಷ್ಕೃತ ಪಟ್ಟಿ ಬಂದಾಗ ಜುಲೈ ಕೊನೆಯಾಗಿತ್ತು. ಮುಂದಿನ ವರ್ಷ, 2025ರಲ್ಲಿ, ಪ್ರಶ್ನೆಪತ್ರಿಕೆ ಎಷ್ಟು ಕಠಿಣ ಇತ್ತೆಂದರೆ ದೇಶದ ಮೊದಲ ರ‍್ಯಾಂಕ್‌ನ ಅಂಕವೇ 686. ‘ಚಿಕ್ಕಪ್ಪನ ಮಗನಿಗೆ ಹೋದ ಸಲ 600 ಬಂದಿತ್ತು, ನಿನಗ್ಯಾಕೆ 500?’ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ನೋಡಬೇಕಾದ್ದು ರ‍್ಯಾಂಕ್.

ಇನ್ನೊಂದು ಮಾತು. ನೀಟ್‌ನಲ್ಲಿ ‘ಕ್ವಾಲಿಫೈ’ ಎಂದು ಬಂದರೆ ಸೀಟು ಸಿಕ್ಕಿತೆಂದಲ್ಲ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಕ್ವಾಲಿಫೈ ಆದರು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇರುವುದು ಸುಮಾರು 1.2 ಲಕ್ಷ. ಕ್ವಾಲಿಫೈ ಆದ ದಿನ ಬೀದಿಗೆಲ್ಲ ಸ್ವೀಟ್ ಹಂಚಿ, ಎರಡು ತಿಂಗಳಾದ ಮೇಲೆ ‘ಸೀಟು ಯಾಕೆ ಸಿಗಲಿಲ್ಲ?’ ಎಂದು ಮಗುವನ್ನು ಕೇಳಿದರೆ ಅದು ಏನಂತ ಉತ್ತರ ಕೊಡಬೇಕು?

ಕೆಲವು ಸಲ ತಪ್ಪು ಮಕ್ಕಳದ್ದೇ ಅಲ್ಲ ಅನ್ನುವುದೂ ನೆನಪಿರಲಿ. 2024ರ ಸಿಇಟಿಯಲ್ಲಿ ಸಿಲಬಸ್‌ನಲ್ಲೇ ಇಲ್ಲದ ಪ್ರಶ್ನೆಗಳು ಬಂದು, ಕೊನೆಗೆ ಸುಮಾರು 50 ಪ್ರಶ್ನೆ ಕೈಬಿಟ್ಟು ರ‍್ಯಾಂಕ್ ಕೊಟ್ಟರು. ಅವತ್ತು ಅಳುತ್ತಾ ಮನೆಗೆ ಬಂದ ಮಕ್ಕಳು ಹೇಳಿದ್ದು ನಿಜವೇ ಆಗಿತ್ತು.

ರಿಸಲ್ಟ್ ದಿನ ಮನೆಯಲ್ಲಿ

ಮೊದಲ ಹತ್ತು ನಿಮಿಷದ ಮಾತು ಮಕ್ಕಳಿಗೆ ವರ್ಷಗಟ್ಟಲೆ ನೆನಪಿರುತ್ತೆ. ಈ ಕೆಲವನ್ನು ಪಾಲಿಸಿ:

• ರಿಸಲ್ಟ್ ಮಗುವೇ ಮೊದಲು ನೋಡಲಿ. ರಿಜಿಸ್ಟರ್ ನಂಬರ್ ಇಸಕೊಂಡು ಅಪ್ಪ ಅಂಗಡಿಯಲ್ಲಿ, ಮಾವ ಆಫೀಸಿನಲ್ಲಿ ಮೊದಲೇ ನೋಡಿ ಫೋನ್ ಮಾಡುವುದು ಬೇಡ.
• ಆ ದಿನ ದೊಡ್ಡವರು ಒಬ್ಬರಾದರೂ ಮನೆಯಲ್ಲಿರಿ. ಅಂಗಡಿ ಅರ್ಧ ದಿನ ಬೇರೆಯವರು ನೋಡಿಕೊಳ್ಳಲಿ.
• ಅಂಕ ಎಷ್ಟೇ ಇರಲಿ, ಮೊದಲು ಊಟ. ‘ಬಾ ಪುಟ್ಟ, ಮೊದಲು ಊಟ ಮಾಡು, ಆಮೇಲೆ ನೋಡೋಣ’ ಎಂಬ ಮಾತಿನಲ್ಲಿ ಎಲ್ಲವೂ ಇದೆ.
• ‘ನಿನಗೋಸ್ಕರ ಸಾಲ ಮಾಡಿದೀವಿ’, ‘ಬೀದೀಲಿ ಮುಖ ತೋರ್ಸೋ ಹಾಗಿಲ್ಲ’ ಈ ಎರಡು ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಸಾಲದ ವಿಷಯ ಮಕ್ಕಳಿಗೆ ಗೊತ್ತಿರುತ್ತೆ, ನೀವು ಹೇಳಬೇಕಾಗಿಲ್ಲ.
• ಮಾರ್ಕ್ಸ್ ಕಾರ್ಡ್‌ನ ಸ್ಕ್ರೀನ್‌ಶಾಟ್ ಸ್ಟೇಟಸ್ ಹಾಕುವ ಮುಂಚೆ ಮಗುವನ್ನು ಕೇಳಿ. ಚೆನ್ನಾಗಿ ಬಂದಿದ್ದರೂ ಕೇಳಿ.

2025ರ ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಎಸ್ಸೆಸ್ಸೆಲ್ಸಿಯ ಆರೂ ವಿಷಯದಲ್ಲಿ ಫೇಲಾದ ಮಗನಿಗೆ ಅಪ್ಪ-ಅಮ್ಮ ಕೇಕ್ ಕತ್ತರಿಸಿ ಧೈರ್ಯ ಹೇಳಿದ ಸುದ್ದಿ ಎಲ್ಲರೂ ಓದಿದ್ದೀರಿ. ನಕ್ಕವರೂ ಇದ್ದರು, ಹೊಗಳಿದವರೂ ಇದ್ದರು. ಎಲ್ಲರೂ ಕೇಕ್ ತರಬೇಕೆಂದೇನಿಲ್ಲ. ಆದರೆ ಪರೀಕ್ಷೆಯಲ್ಲಿ ಫೇಲಾದ ಹುಡುಗ ಮನೆಯಲ್ಲಿ ಫೇಲಾಗಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಅಷ್ಟು ನಾವೂ ಮಾಡಬಹುದು.

ಅಂಗಡಿ ನಡೆಸುವ ಪೋಷಕರಿಗೆ

ನಮ್ಮ ಓದುಗರಲ್ಲಿ ಅಂಗಡಿಯವರು ಬಹಳ. ಬೆಳಗ್ಗೆ ಮಗು ಏಳುವ ಮುಂಚೆ ಶಟರ್ ಎತ್ತಬೇಕು, ರಾತ್ರಿ ಶಟರ್ ಎಳೆದು ಮನೆಗೆ ಬರುವಷ್ಟರಲ್ಲಿ ಹತ್ತು ಗಂಟೆ. ಮಾತಾಡಲು ಸಿಗುವುದೇ ಹದಿನೈದು ನಿಮಿಷ. ಆ ಹದಿನೈದು ನಿಮಿಷವೂ ‘ಎಷ್ಟು ಚಾಪ್ಟರ್ ಆಯ್ತು?’ ಎಂಬಲ್ಲೇ ಮುಗಿದರೆ ಮಗು ನಿಮ್ಮ ಮುಖ ನೋಡಿದಾಗಲೆಲ್ಲ ಪರೀಕ್ಷೆಯೇ ನೆನಪಾಗುತ್ತೆ. ವಾರಕ್ಕೊಂದು ದಿನವಾದರೂ ಓದಿನ ಮಾತೇ ಎತ್ತದೆ ಒಂದು ರೌಂಡ್ ಹೊರಗೆ ಕರಕೊಂಡು ಹೋಗಿ. ದೋಸೆ ತಿನ್ನುವಾಗ ಮಕ್ಕಳು ಹೇಳುವಷ್ಟು ವಿಷಯ ಕೂರಿಸಿ ಕೇಳಿದಾಗ ಹೇಳಲ್ಲ.

ನೆರೆಹೊರೆಯವರಿಗೂ ಗಿರಾಕಿಗಳಿಗೂ ಒಂದು ಕೋರಿಕೆ. ಅಂಗಡಿಯಲ್ಲಿ ಮಗು ಇರುವಾಗಲೇ ‘ಎಷ್ಟು ಬಂತು?’ ಎಂದು ಕೇಳಬೇಡಿ. ‘ಮುಂದೆ ಏನ್ ಓದ್ಬೇಕು ಅಂತಿದ್ದೀಯಾ?’ ಎಂದು ಕೇಳಿದರೆ ಸಾಕು, ಹೇಳುವ ಮನಸ್ಸಿದ್ದರೆ ಅದೇ ಹೇಳುತ್ತೆ.

ಕೋಚಿಂಗ್ ಸೆಂಟರ್‌ನಲ್ಲಿ ನೀವು ಕೇಳಬೇಕಾದ್ದು

ನಮ್ಮ ಭಾಗದ ಮುಖ್ಯರಸ್ತೆಗಳಲ್ಲಿ ಕೋಚಿಂಗ್ ಬೋರ್ಡ್‌ಗಳಿಗೆ ಕೊರತೆಯಿಲ್ಲ. ಫೀಸು ಕಟ್ಟುವವರು ನೀವು, ಆದ್ದರಿಂದ ಕೇಳುವ ಹಕ್ಕೂ ನಿಮ್ಮದೇ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿ ಕೊಟ್ಟಿದೆ. ಅವು ಶಾಲೆ-ಕಾಲೇಜು, ಹಾಸ್ಟೆಲ್, ಕೋಚಿಂಗ್ ಎಲ್ಲಕ್ಕೂ ಅನ್ವಯ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು. ಅಂಕ ನೋಡಿ ಬ್ಯಾಚ್ ಒಡೆಯುವುದು, ಎಲ್ಲರೆದುರು ಅವಮಾನ ಮಾಡುವುದು ಸಲ್ಲದು. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ, ನಡುವೆ ಬಿಟ್ಟರೆ ಉಳಿದ ಅವಧಿಯ ಫೀಸನ್ನು ಹತ್ತು ದಿನದಲ್ಲಿ ವಾಪಸ್ ಕೊಡಬೇಕು ಎನ್ನುತ್ತೆ. ಸೇರಿಸುವ ಮೊದಲೇ ‘ಕೌನ್ಸೆಲರ್ ಯಾರು? ಬಿಟ್ಟರೆ ಫೀಸು ಎಷ್ಟು ವಾಪಸ್?’ ಎಂದು ಕೇಳಿ, ಬರಹದಲ್ಲಿ ಇಸಕೊಳ್ಳಿ.

ಇನ್ನೊಂದು ವರ್ಷ ರಿಪೀಟ್ ಮಾಡಿಸುವ ಯೋಚನೆ ಇದ್ದರೆ ಆ ಮಾತು ಮಗುವಿನ ಬಾಯಿಂದಲೇ ಬರಲಿ. ಗೆಳೆಯರೆಲ್ಲ ಕಾಲೇಜು ಸೇರಿ ತಾನೊಬ್ಬನೇ ಮನೆ-ಕೋಚಿಂಗ್ ಓಡಾಡುವ ವರ್ಷ ಅದು. ಮನಸ್ಸಿಲ್ಲದವರಿಗೆ ಭಾರ.

ಪೋಷಕರು ತಮ್ಮ ಮೇಲೆ ಹಾಕಿಕೊಳ್ಳಬೇಕಾದ ಕೆಲಸ

ಓದುವುದು ಮಗುವಿನ ಕೆಲಸ, ದಾಖಲೆ ನಿಮ್ಮದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ನಾಡಕಚೇರಿಯಿಂದ ಮೊದಲೇ ಮಾಡಿಸಿ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಬೇಕಿದ್ದರೆ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು. ಊರ ಕಡೆ ಓದಿದ ಮಕ್ಕಳಿಗೆ ಬಿಇಒ ಸಹಿಗೆ ಒಂದು ಸಲ ಹೋಗಿ ಬರಬೇಕಾಗುತ್ತೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟಿಗೆ ಪ್ರಯತ್ನಿಸಬಹುದು, ಅರ್ಜಿಯಲ್ಲಿ ಅದನ್ನು ಗುರುತು ಮಾಡಿರಬೇಕು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಕೊಡ್ತಾರೆ. ಒಂದು: ಈ ಸೀಟು ಸಾಕು. ಎರಡು: ಇದು ಇರಲಿ, ಮುಂದಿನ ಸುತ್ತೂ ನೋಡ್ತೀನಿ. ಮೂರು: ಇದು ಬೇಡ, ಮುಂದಿನ ಸುತ್ತು ಬೇಕು. ನಾಲ್ಕು: ಏನೂ ಬೇಡ. ಇದನ್ನು ರಾತ್ರಿ ಹನ್ನೊಂದಕ್ಕೆ ಗಡಿಬಿಡಿಯಲ್ಲಿ ಒತ್ತಿದರೆ ವರ್ಷವೇ ಹೋದೀತು. ಮಗುವಿನ ಜೊತೆ ಕೂತು ನಿಧಾನಕ್ಕೆ ಓದಿ. ‘ಸೀಟು ಕೊಡಿಸ್ತೀವಿ’ ಎಂದು ಫೋನ್ ಮಾಡುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅನುಮಾನವಿದ್ದರೆ ಮಲ್ಲೇಶ್ವರಂ ಸಂಪಿಗೆ ರಸ್ತೆ 18ನೇ ಕ್ರಾಸ್‌ನಲ್ಲಿರುವ ಪರೀಕ್ಷಾ ಪ್ರಾಧಿಕಾರದ ಕಚೇರಿಯಲ್ಲೇ ವಿಚಾರಿಸಿ.

ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟರೂ ದಾರಿ ಇದೆ. ಬಿಎಸ್ಸಿ, ಬಿಕಾಂ, ಬಿಸಿಎ, ನರ್ಸಿಂಗ್, ಪ್ಯಾರಾಮೆಡಿಕಲ್, ಕೃಷಿ ವಿಜ್ಞಾನ ಎಲ್ಲ ಇವೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಿದವರು ಎಷ್ಟೋ ಮಂದಿ. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮ-ತಂಗಿ ಮನೆಯಲ್ಲಿದ್ದರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿಯ ಡಿಪ್ಲೊಮಾ ಬಗ್ಗೆಯೂ ವಿಚಾರಿಸಿ.

ಇದನ್ನು ಮಾತ್ರ ನಿರ್ಲಕ್ಷ್ಯ ಮಾಡಬೇಡಿ

ಎರಡು ದಿನ ಅಳುವುದು, ಮಂಕಾಗಿರುವುದು ಸಹಜ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದೆ, ಗೆಳೆಯರ ಫೋನ್ ತೆಗೆಯಲ್ಲ, ಇಷ್ಟದ ವಸ್ತು ಯಾರಿಗೋ ಕೊಟ್ಟುಬಿಡುತ್ತೆ, ‘ನಾನಿಲ್ದಿದ್ರೆ ನಿಮಗೆ ಒಳ್ಳೇದು’ ಎಂಬಂಥ ಮಾತಾಡುತ್ತೆ ಎಂದರೆ ಅದು ನಾಟಕ ಅಲ್ಲ. ಕೂಡಲೇ ಹತ್ತಿರ ಕೂತು ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಾ ಇದೆಯಾ ಕಂದ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬುದು ತಪ್ಪು ಕಲ್ಪನೆ. ಕೇಳಿದಾಗಲೇ ಮಕ್ಕಳ ಎದೆ ಹಗುರಾಗುವುದು. ಹೌದು ಅಂದರೆ ಬೈಯಬೇಡಿ, ದೇವರ ಆಣೆ ಹಾಕಿಸಬೇಡಿ, ಒಬ್ಬರೇ ಇರಲು ಬಿಡಬೇಡಿ. ಸಹಾಯಕ್ಕೆ ಫೋನ್ ಮಾಡಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಕಾರಣ ಪರೀಕ್ಷೆಯೊಂದೇ ಅಲ್ಲ. ಆದರೆ ಸಮಯಕ್ಕೆ ಯಾರಾದರೂ ಕೂತು ಕೇಳಿದರೆ ಎಷ್ಟೋ ಮಕ್ಕಳು ಆ ಗಳಿಗೆ ದಾಟಿಬಿಡ್ತಾರೆ.

ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ

• ಟೆಲಿ-ಮಾನಸ್: 14416 ಅಥವಾ 1800-891-4416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ದಿಕ್ಕು ತೋಚದ ಅಪ್ಪ-ಅಮ್ಮನೂ ಮಾಡಬಹುದು.
• ಮಕ್ಕಳ ಸಹಾಯವಾಣಿ: 1098 (18 ವರ್ಷದೊಳಗಿನವರಿಗೆ).
• ತುರ್ತು ಸಂದರ್ಭ: 112.
• ಹೊಸೂರು ರಸ್ತೆಯ ನಿಮ್ಹಾನ್ಸ್: ತುರ್ತು ಚಿಕಿತ್ಸಾ ವಿಭಾಗ ಹಗಲು-ರಾತ್ರಿ ತೆರೆದಿರುತ್ತೆ.

ಅಂಗಡಿಯವರು ಮೊದಲ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಶ್ ಕೌಂಟರ್ ಹತ್ತಿರ ಅಂಟಿಸಿದರೆ ಉಪಕಾರ. ರಿಸಲ್ಟ್ ದಿನ ಜೆರಾಕ್ಸ್‌ಗೆ, ಟೀಗೆ, ರೀಚಾರ್ಜ್‌ಗೆ ಎಂದು ನಿಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಯಾರೋ ಒಬ್ಬರಿಗೆ ಅದು ಬೇಕಾಗಬಹುದು.