23 ವರ್ಷ ತಡವಾಗಿ ಬಂದ ಮಹಾವೀರ ಚಕ್ರ

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಹಿಂದಿ ಸಿನಿಮಾ ನೋಡಿ ಬಂದ ಮಗಳು, "ಅಮ್ಮಾ, ಆ ಪೈಲಟ್ ನಿಜವಾಗಲೂ ಇದ್ದರಾ?" ಎಂದಳು. "ಇದ್ದರು, ನಮ್ಮ ಕೊಡಗಿನವರೇ" ಎಂದೆ. ಸಿನಿಮಾದಲ್ಲಿ ಹೆಸರು ಬದಲಾಗಿದೆ. ನಿಜದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವನ್ನು ಎಷ್ಟೋ ಸಲ ದಾಟಿದ್ದೇನೆ. ಆದರೂ ಅಂದು ಮಗಳಿಗೆ ಹೇಳಲು ನನ್ನ ಬಳಿ ಎರಡು ವಾಕ್ಯಕ್ಕಿಂತ ಹೆಚ್ಚಿರಲಿಲ್ಲ. ನಾಚಿಕೆಯಾಗಿ ಓದಲು ಕುಳಿತೆ.

ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಕಿರಿಯರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟರಾಗಿದ್ದವರು, 1965ರ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 7ರ ಬೆಳಗಿನ ಜಾವ ಈ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರು ಮೀಸಲು ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಆ ಸರದಿ ಬಂತು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದದ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ದೇವಯ್ಯನವರದು ಹಳೆಯ ಫ್ರೆಂಚ್ ಮಿಸ್ಟೇರ್, ವೇಗದಲ್ಲಿ ಹೋಲಿಕೆಯೇ ಇಲ್ಲ. ಮೇಲಾಗಿ ಸರ್ಗೋಧಾಕ್ಕೆ ಹೋಗಿ ಬರುವುದಕ್ಕೇ ಇಂಧನ ಹಿಡಿತದಲ್ಲಿ ಬಳಸಬೇಕು, ಕಾದಾಡುತ್ತ ನಿಂತರೆ ಮನೆ ಸೇರುವ ಭರವಸೆಯಿಲ್ಲ. ಅವರ ವಿಮಾನಕ್ಕೆ ಪೆಟ್ಟು ಬಿತ್ತು. ಇದರ ಕಥೆ ಮುಗಿಯಿತೆಂದು ಎದುರಾಳಿ ಬೇರೆಡೆ ತಿರುಗಿದ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ಅವನ ಮೇಲೆ ತಿರುಗಿಬಿದ್ದು ಗುಂಡಿನ ಮಳೆಗರೆದರು. ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ಅವರಿಗಾಗ 32.

ಈ ಕಾದಾಟವನ್ನು ನಮ್ಮವರ್ಯಾರೂ ಕಂಡಿರಲಿಲ್ಲ. ಉಳಿದವರು ನೆಲಕ್ಕಂಟಿದಂತೆ ಹಾರುತ್ತ ಗಡಿ ದಾಟಿದ್ದರು. ಆದಂಪುರದಲ್ಲಿ ಲೆಕ್ಕ ಹಾಕಿದಾಗ ಒಬ್ಬರು ಕಡಿಮೆ. ಹೀಗೆ ದೇವಯ್ಯ 'ಕಾಣೆಯಾದವರು' ಎಂಬ ಪಟ್ಟಿ ಸೇರಿದರು. ಪತ್ನಿ ಸುಂದರಿ ದೇವಯ್ಯ, ಇಬ್ಬರು ಹೆಣ್ಣುಮಕ್ಕಳು. 'ಕಾಣೆ' ಎಂಬ ಮಾತನ್ನು ಹೊತ್ತು ಒಂದು ಮನೆ ನಡೆಸುವುದೆಂದರೇನು, ನಾವು ಹೆಂಗಸರು ಕ್ಷಣ ಊಹಿಸಿ ನೋಡಬೇಕು. ಯುದ್ಧದ ಇತಿಹಾಸ ಬರೆಯುವವರು ಈ ಪುಟವನ್ನು ಬರೆಯುವುದು ಕಡಿಮೆ.

ಸತ್ಯ ಹೊರಬಂದದ್ದು ಆಚೆ ಕಡೆಯಿಂದ. ಪಾಕಿಸ್ತಾನದ ದಾಖಲೆಗಳನ್ನು ನೋಡಿದ್ದ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ತಂದ ಪುಸ್ತಕದಲ್ಲಿ, ಆ ಸ್ಟಾರ್‌ಫೈಟರನ್ನು ಒಂದು ಮಿಸ್ಟೇರ್ ಕೆಡವಿತೆಂದು ಬರೆದ. ಮರಳಿ ಬಾರದ ಮಿಸ್ಟೇರ್ ಯಾವುದೆಂದು ಇಲ್ಲಿಯವರು ತಾಳೆ ನೋಡಿದರು. ನಿವೃತ್ತರಾಗಿದ್ದ ತನೇಜಾ ಅವರೂ ತಮ್ಮ ಪೈಲಟ್‌ಗಾಗಿ ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಗಿ ಸುಂದರಿಯವರ ಕೈ ಸೇರಿತು.

ದೇವಯ್ಯನವರ ದೇಹವನ್ನು ಅಂದೇ ಅಲ್ಲಿನ ಹಳ್ಳಿಗರು ತಮ್ಮ ಹೊಲದಲ್ಲಿ ಮಣ್ಣು ಮಾಡಿದ್ದರು. ಇದನ್ನು ಹೇಳಿದಾಗ ಮಗಳು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಊರಿಗೆ ಹೋದಾಗ ಮಡಿಕೇರಿಯ ಆ ವೃತ್ತದ ಬಳಿ ಇಳಿಯೋಣ ಎಂದಳು.