ಕೋಬರ್ಗಿನ ಕೊನೆಯ ಡ್ಯೂಕ್

ಹುಟ್ಟುವ ಮನೆಯನ್ನು ಯಾರೂ ಆರಿಸಿಕೊಳ್ಳಲಾರರು. ಸೇರುವ ಸಂಗವನ್ನು ಮಾತ್ರ ಆರಿಸಿಕೊಳ್ಳಬಹುದು. ಚಾರ್ಲ್ಸ್ ಎಡ್ವರ್ಡನ ಚರಿತ್ರೆ ಈ ಮಾತಿಗೆ ಸಾಕ್ಷಿಯಾಗಿದೆ.

ವಿಕ್ಟೋರಿಯಾ ರಾಣಿಯ ಕಿರಿಯ ಮಗ ಲಿಯೋಪೋಲ್ಡ್. ಗಾಯವಾದರೆ ರಕ್ತ ನಿಲ್ಲದ ವ್ಯಾಧಿಯಿದ್ದ ಆತನು 1884ರ ಮಾರ್ಚಿಯಲ್ಲಿ ತೀರಿಕೊಂಡನು. ಅದೇ ಜುಲೈ 19ರಂದು ಇಂಗ್ಲೆಂಡಿನ ಕ್ಲೇರ್‌ಮಾಂಟ್ ಭವನದಲ್ಲಿ ಜನಿಸಿದ ಚಾರ್ಲ್ಸ್ ಎಡ್ವರ್ಡ್ ತಂದೆಯ ಮುಖವನ್ನೇ ಕಾಣಲಿಲ್ಲ.

ಜರ್ಮನಿಯ ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬ ಸಣ್ಣ ಸಂಸ್ಥಾನವು ರಾಣಿಯ ಪತಿ ಆಲ್ಬರ್ಟನ ಮನೆತನಕ್ಕೆ ಸೇರಿದ್ದು. ಅಲ್ಲಿ ಆಳುತ್ತಿದ್ದ ದೊಡ್ಡಪ್ಪ ಆಲ್‌ಫ್ರೆಡನ ಒಬ್ಬನೇ ಮಗ 1899ರಲ್ಲಿ ಮಡಿದನು. ಮತ್ತೊಬ್ಬ ದೊಡ್ಡಪ್ಪನೂ ಅವನ ಮಗನೂ ಆ ಗಾದಿ ತಮಗೆ ಬೇಡವೆಂದರು. ಕಡೆಗೆ ಅದರ ಭಾರ ಬಿದ್ದುದು ಈಟನ್ ಶಾಲೆಯಲ್ಲಿ ಓದುತ್ತಿದ್ದ ಈ ಬಾಲಕನ ತಲೆಯ ಮೇಲೆ. 1900ರಲ್ಲಿ, ಹದಿನಾರನೆಯ ವಯಸ್ಸಿಗೆ, ಅವನು ಡ್ಯೂಕನಾದನು. ಆಡಳಿತ ಕೈಗೆ ಬಂದುದು 1905ರಲ್ಲಿ.

1914ರಲ್ಲಿ ಮಹಾಯುದ್ಧ ಸಿಡಿದಾಗ ಅತ್ತ ದರಿ, ಇತ್ತ ಪುಲಿ! ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ದೊಡ್ಡಪ್ಪನ ಮಗ. ಜರ್ಮನಿಯ ಕೈಸರ್ ಸೋದರತ್ತೆಯ ಮಗ. ಡ್ಯೂಕನು ಜರ್ಮನಿಯ ಪಕ್ಷ ಹಿಡಿದನು. 1917ರಲ್ಲಿ ಜಾರ್ಜ್ ದೊರೆ ತನ್ನ ವಂಶದ ಜರ್ಮನ್ ಹೆಸರನ್ನು ತೊರೆದು ‘ವಿಂಡ್ಸರ್’ ಎಂದು ಕರೆದುಕೊಂಡನು. 1918ರ ನವೆಂಬರಿನ ಕ್ರಾಂತಿಯಲ್ಲಿ ಡ್ಯೂಕನ ಗಾದಿ ಉರುಳಿತು. 1919ರಲ್ಲಿ ಬ್ರಿಟನ್ ಅವನ ಆಂಗ್ಲ ಬಿರುದುಗಳನ್ನೂ ಕಿತ್ತುಕೊಂಡಿತು. ಹುಟ್ಟಿದ ನಾಡಿಗೆ ಶತ್ರು, ಆಳಿದ ನಾಡಿಗೆ ಬೇಡವಾದ ಅರಸು!

ಇಲ್ಲಿಯವರೆಗಿನ ಕಥೆಗೆ ಯಾರ ಮನಸ್ಸಾದರೂ ಮರುಗೀತು. ಮುಂದಿನದು ಬೇರೆ. ಕಳೆದುಹೋದ ವೈಭವಕ್ಕಾಗಿ ಹಂಬಲಿಸಿದ ಡ್ಯೂಕನು ಹಿಟ್ಲರನ ಪಕ್ಷವನ್ನು ಸೇರಿದನು. 1933ರ ಕೊನೆಯಲ್ಲಿ ಜರ್ಮನ್ ರೆಡ್ ಕ್ರಾಸಿನ ಅಧ್ಯಕ್ಷನಾದನು. ಗಾಯಾಳುಗಳ ಶುಶ್ರೂಷೆಗೆಂದು ಹುಟ್ಟಿದ ಆ ಸಂಸ್ಥೆ ನಾಜೀ ಆಡಳಿತದ ಕೈಗೊಂಬೆಯಾಯಿತು. ಅವನ ಇಂಗ್ಲಿಷ್ ನೆಂಟಸ್ತನವೂ ಹಿಟ್ಲರನಿಗೆ ಒದಗಿತು. 1936ರಲ್ಲಿ ಜಾರ್ಜ್ ದೊರೆಯ ಶವಯಾತ್ರೆಯಲ್ಲಿ ಡ್ಯೂಕನು ನಡೆದದ್ದು ಜರ್ಮನ್ ಸಮವಸ್ತ್ರದಲ್ಲಿ.

ಇದರ ಬೆಲೆಯನ್ನೂ ತೆತ್ತನು. 1943ರಲ್ಲಿ ಮಗ ಹ್ಯೂಬರ್ಟಸ್ ಯುದ್ಧಕ್ಕೆ ಬಲಿಯಾದನು. 1945ರಲ್ಲಿ ಅಮೆರಿಕನ್ ಸೈನ್ಯ ಡ್ಯೂಕನನ್ನು ಸೆರೆಹಿಡಿಯಿತು. ನಾಜೀ ಕಾಲದ ನಡತೆಯನ್ನು ವಿಚಾರಿಸಿದ ನ್ಯಾಯಮಂಡಲಿ ಅವನನ್ನು ಬರಿಯ ‘ಹಿಂಬಾಲಕ’ನೆಂದು ಪರಿಗಣಿಸಿ ದಂಡ ವಿಧಿಸಿತು. 1954ರ ಮಾರ್ಚ್ 6ರಂದು ಅವನು ಕೋಬರ್ಗಿನಲ್ಲಿ ಕಣ್ಣುಮುಚ್ಚಿದನು. ಅವನ ಮಗಳು ಸಿಬಿಲಾಳ ಮಗ ಕಾರ್ಲ್ ಗುಸ್ತಾಫ್ 1973ರಲ್ಲಿ ಸ್ವೀಡನ್ನಿನ ದೊರೆಯಾದನು.

ಹದಿನಾರರ ಹುಡುಗನ ಇಷ್ಟವನ್ನು ಯಾರೂ ಕೇಳಲಿಲ್ಲ, ನಿಜ. ಆದರೆ ಐವತ್ತರ ಹೊಸ್ತಿಲಲ್ಲಿ ನಿಂತವನು ಯಾರ ಬೆನ್ನು ಹತ್ತಬೇಕೆಂಬುದನ್ನು ತಾನೇ ತೀರ್ಮಾನಿಸಿದನಲ್ಲವೆ?